ಗೋಡೆಯಾಚೆಯ ಸೂಜಿ

ಹಾಪೈ, ಟೊಂಗಾ
೧೪ ಆಗಸ್ಟ್ ೨೦೧೯, ಬುಧವಾರ
ಮಧ್ಯಾಹ್ನ ಮೂರೂಕಾಲು

ಪ್ರೀತಿಯ ಮನುಸಿಯು,

ನಿನ್ನ ತಾಯಿ ಎಚ್ಚರವಾಗಿದ್ದಾಳೆ, ಮಾತಾಡುತ್ತಿದ್ದಾಳೆ, ಉಸಿರಾಟ ಸರಿಯಾಗಿದೆ. ಆಪರೇಷನ್ ಆದ ಎಡಗಾಲಿನ ಮೀನಖಂಡ ಊದಿಕೊಂಡಿದೆ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದೆಂದು ಡಾಕ್ಟರ ಅನುಮಾನ. ಶುಕ್ರವಾರ ಬೆಳಗಿನ ಹಡಗಿನಲ್ಲಿ ಅವಳನ್ನು ರಾಜಧಾನಿ ನುಕುಅಲೋಫಾದ ಆಸ್ಪತ್ರೆಗೆ ಕರೆತರುತ್ತೇನೆ. ಅಷ್ಟು ಹೊತ್ತಿಗೆ ನೀನು ಆಕ್ಲೆಂಡಿನಿಂದ ಬಂದು ಧಕ್ಕೆಯಲ್ಲಿ ನಿಂತಿರುತ್ತೀ. ಅಲ್ಲಿ ಅಕ್ಕನ ಎದುರಿಗೆ ಇದನ್ನೆಲ್ಲ ಬಾಯಿಬಿಟ್ಟು ಹೇಳಲಾರೆ, ಈ ಕಾಗದ ಕೊಡುತ್ತೇನೆ.

ಎರಡು ವಾರದಲ್ಲಿ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ‘ಎಲ್ಲ ಚೆನ್ನಾಗಿದೆ’ ಎಂದೆ. ವಿವರವಾಗಿ ಬರೆಯುತ್ತೇನೆ ಎಂದು ಹೇಳಿ ಬರೆಯಲಿಲ್ಲ. ತಪ್ಪಾಯಿತು. ನೀನು ನನ್ನ ಅಕ್ಕನ ಮಗಳು, ನಮ್ಮಲ್ಲಿ ನಿನ್ನ ಸ್ಥಾನ ನನಗಿಂತ ಮೇಲೆ. ಆರು ವರ್ಷದವಳಿದ್ದಾಗ ನನ್ನ ರೇಡಿಯೊವನ್ನು ಎತ್ತಿಕೊಂಡು ಹೊರಟೆ. ನಾನು ತುಟಿ ಪಿಟಕ್ಕೆನ್ನದೆ ಬ್ಯಾಟರಿಯನ್ನೂ ಕೊಟ್ಟು ಕಳಿಸಿದೆ. ಈ ಕಾಗದ ಓದಿದ ಮೇಲೆ ಏನು ಕೇಳಬೇಕೆನಿಸುತ್ತದೋ ಕೇಳು.

ಅಕ್ಕ ಆಪರೇಷನ್ ಮುಗಿಸಿಕೊಂಡು ನಿನ್ನ ಬಳಿಯಿಂದ ಬಂದಿಳಿದ ದಿನ ಅವಳ ಚೀಲದಲ್ಲಿ ನೀನು ಕೊಟ್ಟ ಪೆಟ್ಟಿಗೆ ಇತ್ತು. ಔಷಧಿ ಮೊದಲೇ ತುಂಬಿದ ಇಪ್ಪತ್ತೆಂಟು ಸಿರಿಂಜು. ಸೊಂಟದ ಮೂಳೆ ಜೋಡಿಸಿಕೊಂಡವರು ತಿಂಗಳೊಪ್ಪತ್ತು ಹೆಚ್ಚು ನಡೆದಾಡುವುದಿಲ್ಲ, ಕಾಲಿನಲ್ಲಿ ರಕ್ತ ನಿಂತು ಗಟ್ಟಿಯಾಗುತ್ತದೆ, ಅದನ್ನು ತಡೆಯಲು ದಿನಕ್ಕೊಂದು. ನನಗೆ ಗೊತ್ತಿರುವ ಕೆಲಸವೇ. ಮೂವತ್ತೊಂದು ವರ್ಷದಿಂದ ಈ ದ್ವೀಪದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ನಾನು ಸೂಜಿ ಚುಚ್ಚದ ತೋಳಿಲ್ಲ, ನಿನ್ನ ತಾಯಿಯದೊಂದು ಬಿಟ್ಟು. ಅವಳಿಗೆ ಬೇಕಾದಾಗೆಲ್ಲ ಇನ್ನೊಬ್ಬ ನರ್ಸ್ ಇರುತ್ತಿದ್ದಳು. ಆ ನರ್ಸ್ ಫೆಬ್ರುವರಿಯಲ್ಲಿ ವರ್ಗವಾಗಿ ಹೋದಳು. ಆ ಜಾಗಕ್ಕೆ ಯಾರೂ ಬಂದಿಲ್ಲ.

ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದ ನಿನ್ನ ಮಕ್ಕಳಿಗೆ ನೀನು ಇದನ್ನು ಹೇಗೆ ಹೇಳುತ್ತೀಯೋ ಗೊತ್ತಿಲ್ಲ. ನನಗೆ ಹನ್ನೊಂದು ತುಂಬಿದ ದಿನದಿಂದ ನಾನು ಅಕ್ಕನ ಕೋಣೆಗೆ ಕಾಲಿಟ್ಟಿಲ್ಲ. ಅವಳ ಅಂಗಳ ತಲುಪುವ ಮುಂಚೆ ಕೆಮ್ಮುತ್ತೇನೆ. ಅವಳು ಬಟ್ಟೆ ಸರಿಮಾಡಿಕೊಂಡು ‘ಹೂಂ’ ಎಂದ ಮೇಲೆ ಗೋಡೆಯ ಹತ್ತಿರ ಬರುತ್ತೇನೆ. ಅವಳ ಕಿವಿಗೆ ಬೀಳುವಂತೆ ಮೈಯ ಯಾವ ಭಾಗದ ಹೆಸರನ್ನೂ ಹೇಳುವುದಿಲ್ಲ. ನಮ್ಮಲ್ಲಿ ಇದು ಅಕ್ಕತಂಗಿಯರಿಗೆ ತೋರುವ ಗೌರವ. ಆದರೆ ಈ ಸೂಜಿಯನ್ನು ಹೊಟ್ಟೆಗೇ ಚುಚ್ಚಬೇಕು.

ಅದಕ್ಕೇ ನಿನ್ನ ಅತ್ತೆ ಫುಯಿವಾಗೆ ಮನೆಯಲ್ಲಿ ಕಲಿಸಿದೆ. ಹೊಕ್ಕುಳಿಂದ ಎರಡು ಬೆರಳಿಗಿಂತ ದೂರ. ಚರ್ಮವನ್ನು ಮಡಿಕೆ ಮಾಡಿ ಹಿಡಿದು ನೇರವಾಗಿ ಚುಚ್ಚಬೇಕು, ಔಷಧಿ ಪೂರ್ತಿ ಹೋಗುವವರೆಗೂ ಮಡಿಕೆ ಬಿಡಬಾರದು. ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಹಾಕಬಾರದು. ಆಮೇಲೆ ಆ ಜಾಗವನ್ನು ತಿಕ್ಕಬಾರದು. ಒಂದು ದಿನ ಈ ಬದಿ, ಮರುದಿನ ಆ ಬದಿ. ಅವಳು ಪಪ್ಪಾಯಿ ಹಣ್ಣಿಗೆ ನೀರು ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಳು. ಸಂಜೆ ಅದನ್ನೇ ಹೆಚ್ಚಿ ನನ್ನ ಮುಂದಿಟ್ಟು, “ತಿನ್ರೀ, ಈ ಹಣ್ಣಿಗೆ ಇನ್ಮೇಲೆ ಯಾವ ಕಾಯಿಲೇನೂ ಬರಲ್ಲ” ಎಂದಳು.

ಬೆಳಿಗ್ಗೆ ಏಳಕ್ಕೆ ಅವಳು ಒಳಗೆ, ನಾನು ಗೋಡೆಯ ಹೊರಗೆ ಗಡಿಯಾರ ಹಿಡಿದು. ಬಲ ಎಡ ಎನ್ನುವ ಹಾಗಿಲ್ಲವಲ್ಲ, ಅದಕ್ಕೆ “ನಿನ್ನೆ ಚರ್ಚಿನ ಕಡೆ ಆಯ್ತು, ಇವತ್ತು ಸಮುದ್ರದ ಕಡೆ” ಎನ್ನುತ್ತಿದ್ದೆ. ಒಳಗಿನಿಂದ ಅಕ್ಕನ ನಗು ಕೇಳುತ್ತಿತ್ತು.

“ಫುಯಿವಾ, ನಿನ್ನ ಗಂಡನಿಗೆ ಹೇಳು, ಚರ್ಚಿನ ಕಡೆ ಸ್ವಲ್ಪ ನೀಲಿ ಆಗಿದೆ ಅಂತ.”

“ನೀಲಿ ಆಗೋದು ಸಹಜ ಅಂತ ಹೇಳು. ಬ್ರಶ್ ಮಾಡುವಾಗ ರಕ್ತ ಬಂದ್ರೆ ಹೇಳ್ಬೇಕು, ಕಪ್ಪು...” ಎಂದು ನಾನು ಅರ್ಧಕ್ಕೆ ನಿಲ್ಲಿಸಿದರೆ ಫುಯಿವಾ ಉಳಿದ ಅಪಾಯದ ಲಕ್ಷಣಗಳನ್ನು ಒಳಗೆ ಪಿಸುಗುಟ್ಟುತ್ತಿದ್ದಳು. ಆ ಸಿರಿಂಜನ್ನು ಕೊನೆಯವರೆಗೆ ಒತ್ತಿದಾಗ ಸೂಜಿಯ ಮೇಲೆ ಒಂದು ಕವಚ ಟಕ್ ಎಂದು ಬಂದು ಕೂರುತ್ತದೆ. ಆಮೇಲೆ ಅದನ್ನು ಹಾಲಿನ ಪುಡಿಯ ತಗಡಿನ ಡಬ್ಬಿಗೆ ಹಾಕಿದ ಸದ್ದು. ನಾನು ಪುಸ್ತಕದಲ್ಲಿ ‘ಕೊಡಲಾಗಿದೆ’ ಎಂದು ಬರೆದು ಕೇಂದ್ರಕ್ಕೆ ಹೋಗುತ್ತಿದ್ದೆ. ಆರು ದಿನ ಹೀಗೆ ನಡೆಯಿತು.

ಐದನೇ ತಾರೀಖು ಫುಯಿವಾಳ ಅಪ್ಪ ವವಾವು ದ್ವೀಪದಲ್ಲಿ ತೀರಿಕೊಂಡರು. ಹತ್ತು ದಿನದ ಕಾರ್ಯ, ಹೋಗದೆ ಇರುವ ಹಾಗಿರಲಿಲ್ಲ. ಹಡಗು ಹತ್ತುವ ಮುಂಚೆ ಅವಳು ಅಕ್ಕನ ಕೈಗೆ ಸಿರಿಂಜು ಕೊಟ್ಟು ಎದುರಿಗೇ ಮಾಡಿಸಿದಳು. “ಚೆನ್ನಾಗಿ ಮಾಡ್ಕೋತಾಳೆ. ನೀವು ಗೋಡೆ ಬಿಟ್ಟು ಅಲ್ಲಾಡಬೇಡಿ” ಎಂದು ಹೊರಟಳು. ಹಗಲು ಅಕ್ಕನ ಜೊತೆ ನೆರೆಯ ಮುದುಕಿ ಸೆಲಾ ಇರುತ್ತಾಳೆ. ಅವಳ ಕಣ್ಣಿಗೆ ಪೊರೆ ಬಂದಿರುವುದು ನಿನಗೆ ಗೊತ್ತು.

ಅಲ್ಲಿಂದ ಮುಂದೆ ಒಂದೇ ಮಾತು. ನಾನು “ಆಯ್ತಾ?” ಎನ್ನುತ್ತಿದ್ದೆ. ಡಬ್ಬಿಯ ಸದ್ದಾಗುತ್ತಿತ್ತು. ಅವಳು “ಆಯ್ತು” ಎನ್ನುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ.

ನಿನ್ನೆ ಸಂಜೆ ಸೆಲಾ ಕೇಂದ್ರದ ಬಾಗಿಲಿಗೇ ಬಂದಳು.

“ಪೆನಿ, ನಿನ್ನ ಅಕ್ಕನ ಕಾಲು ಎರಡೂ ಒಂದೇ ಥರ ಇಲ್ಲ. ಒಂದು ಬಿಸಿ, ಗಟ್ಟಿ. ನೋವು ಅಂದ್ಲು, ಎರಡು ದಿನದಿಂದ ಕೊಬ್ಬರಿ ಎಣ್ಣೆ ಹಚ್ಚಿ ನೀವ್ತಾ ಇದೀನಿ.”

“ನೀವ್ಬೇಡ! ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದ್ರೆ ಉಳಿಯಲ್ಲ. ಇನ್ಮೇಲೆ ಆ ಕಾಲು ಮುಟ್ಲೇಬೇಡ.”

“ನಾನು ಮುಟ್ಟಬಾರದು, ನೀನು ನೋಡಬಾರದು. ಮತ್ತೆ ಯಾರಪ್ಪಾ ಅವಳಿಗೆ? ಊರಿಗೆಲ್ಲ ಡಾಕ್ಟ್ರು, ಅಕ್ಕನ ಮನೇಲಿ ಮಾತ್ರ ಕಳ್ಳನ ಹಾಗೆ ಗೋಡೆ ಹಿಡ್ಕೊಂಡು ನಿಲ್ತೀಯ.”

ನಾನು ಅವಳ ಕೈಗೆ ಎರಡು ದಾರ ಕೊಟ್ಟೆ. ಎರಡೂ ಮೀನಖಂಡಗಳ ದಪ್ಪ ಜಾಗಕ್ಕೆ ಒತ್ತದೆ ಹಗುರವಾಗಿ ಸುತ್ತಿ, ತುದಿ ಮುಟ್ಟಿದಲ್ಲಿ ಗಂಟು ಹಾಕಿ ತರಲು ಹೇಳಿದೆ. ಮೇಜಿನ ಮೇಲಿಟ್ಟು ಅಳೆದರೆ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಆಮೇಲೆ ಅವಳ ಕೈಯಲ್ಲೇ ಡಬ್ಬಿ ತರಿಸಿ ಮುಚ್ಚಳ ತೆಗೆದೆ.

ಬಳಸಿದ್ದು ಎಂಟೇ: ಫುಯಿವಾಳ ಆರು, ಅಕ್ಕನ ಎರಡು. ಉಳಿದ ಏಳರ ಸೂಜಿಯ ಟೋಪಿ ಕೂಡ ತೆಗೆದಿರಲಿಲ್ಲ. ಔಷಧಿ ತುಂಬಿದ್ದು ತುಂಬಿದ ಹಾಗೇ ಇತ್ತು.

ಯಾಕೆ ಎಂದು ಸೆಲಾಳನ್ನು ಕೇಳಿಕೊಂಡು ಬರಲು ಕಳಿಸಿದೆ. ಅಕ್ಕ ಹೇಳಿದ್ದನ್ನು ಅವಳು ಹಾಗೆಯೇ ಬಂದು ಹೇಳಿದಳು: “ಮೂರನೇ ದಿನ ಚುಚ್ಚೋಕೆ ಆಗ್ಲಿಲ್ಲ. ಆ ಜಾಗವೆಲ್ಲ ಕಪ್ಪಾಗಿತ್ತು, ಭಯ ಆಯ್ತು. ಅದನ್ನ ಅವನಿಗೆ ಏನಂತ ಹೇಳ್ಲಿ? ಬಿಸಿಲಲ್ಲಿ ನಿಂತಿರ್ತಾನೆ ಪಾಪ. ಸದ್ದು ಕೇಳಿಸಿದ್ರೆ ನೆಮ್ಮದಿಯಾಗಿ ಕೆಲಸಕ್ಕೆ ಹೋಗ್ತಾನೆ ಅಂತ ಹಾಕ್ತಾ ಇದ್ದೆ.”

ನುಕುಅಲೋಫಾ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಗಾಳಿ ಜೋರಾಗಿದೆ, ಸಣ್ಣ ದೋಣಿ ಬೇಡ, ಹಡಗಿಗೇ ಕಾಯಿರಿ ಎಂದರು. ಅಲ್ಲಿಯವರೆಗೆ ಅವಳ ತೂಕಕ್ಕೆ ತಕ್ಕಂತೆ ಒಂದು ಹೊತ್ತಿಗೆ ಎರಡು ಸಿರಿಂಜು, ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ. ಪೆಟ್ಟಿಗೆಯಲ್ಲಿರುವುದು ಅಷ್ಟಕ್ಕೆ ಸಾಲುತ್ತದೆ. ಆಮೇಲೆ ಕೇಳಿದರು, “ಕಾಲು ನೀವೇ ನೋಡಿದ್ರಾ?”

“ದಾರದಲ್ಲಿ ಅಳತೆ ತರಿಸಿದೆ.”

ಅವರು ನಮ್ಮವರೇ, ಚಿಕ್ಕ ವಯಸ್ಸಿನ ಹೆಂಗಸು. “ನನಗೂ ಅಣ್ಣ ಇದ್ದಾನೆ ಪೆನಿ. ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ, ರಕ್ತಕ್ಕೆ ಅರ್ಥ ಆಗಲ್ಲ” ಎಂದರು.

ಆಗಲೂ ನಾನು ಒಳಗೆ ಹೋಗಲಿಲ್ಲ. ಈ ಬೆಳಿಗ್ಗೆ ಪಾದ್ರಿಯ ಹೆಂಡತಿಯನ್ನು ಕರೆತಂದೆ. ಹೊರಗೆ ನಿಂತು ಚರ್ಚು, ಸಮುದ್ರ ಎಂದೆ. ಅಕ್ಕ ನೋವಿಗೆ ಮಿಸುಕಿದಾಗ ಆಕೆ ಹೆದರಿ ಸೂಜಿಯನ್ನು ಅರ್ಧಕ್ಕೇ ಎಳೆದುಕೊಂಡರು. ಎಷ್ಟು ಒಳಗೆ ಹೋಯಿತು, ಎಷ್ಟು ಚೆಲ್ಲಿತು, ಯಾರಿಗೂ ಗೊತ್ತಿಲ್ಲ. ಆಕೆ ಅಳುತ್ತ ಮನೆಗೆ ಹೋದರು. ಅಂದಾಜಿನ ಮೇಲೆ ಮತ್ತೆ ಕೊಡಬೇಡಿ, ಹೆಚ್ಚಾದರೆ ಒಳಗೆ ರಕ್ತಸ್ರಾವ ಆದೀತು, ಸಂಜೆಯದನ್ನು ಸರಿಯಾದ ಕೈಯಿಂದ ಸರಿಯಾದ ಹೊತ್ತಿಗೆ ಕೊಡಿ ಎಂದು ಡಾಕ್ಟರ್ ಹೇಳಿದರು. ಸರಿಯಾದ ಕೈ ಈ ದ್ವೀಪದಲ್ಲಿ ಒಂದೇ ಇರುವುದು.

ಮಧ್ಯಾಹ್ನ ‘ನಾನೇ ಒಳಗೆ ಬಂದು ಕೊಡಲೇ’ ಎಂದು ಅಕ್ಕನನ್ನು ಸೆಲಾಳ ಮೂಲಕ ಕೇಳಿಸಿದೆ. “ನಾನು ಗೋಡೆ ಕಡೆ ಮುಖ ಮಾಡಿರ್ತೀನಿ ಅಂತ ಹೇಳು” ಎಂದಳಂತೆ.

ಅವಳಿಗೆ ಬೆಚ್ಚಗಿನದೇನಾದರೂ ಹೊದಿಸು, ಹಡಗಿನಲ್ಲಿ ಚಳಿ ಹಿಡಿದಿರುತ್ತದೆ. ನಿನ್ನನ್ನೂ ಮಕ್ಕಳನ್ನೂ ದೇವರು ಕಾಪಾಡಲಿ. ನಿನ್ನ ತಾಯಿ ಧಕ್ಕೆಯಲ್ಲಿ ಕಣ್ಣು ಬಿಟ್ಟು ನಿನ್ನನ್ನು ನೋಡಲಿ.

ನಿನ್ನ ಮಾವ,
ಪೆನಿಸಿಮಾನಿ

ತಾ.ಕ. ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನ್ನೆ ಡಬ್ಬಿ ತೆರೆದಾಗ ನನಗೆ ಆಶ್ಚರ್ಯವಾಗಲಿಲ್ಲ ಮನುಸಿಯು. ಏಳನೇ ತಾರೀಖು ಬೆಳಿಗ್ಗೆ ಡಬ್ಬಿಯ ಸದ್ದು ಬಂತು, ಅದಕ್ಕೆ ಮುಂಚಿನ ಟಕ್ ಸದ್ದು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂವತ್ತೊಂದು ವರ್ಷ ಸೂಜಿ ಹಿಡಿದವನ ಕಿವಿ ಇದು. ನನಗೆ ಅಂದೇ ಗೊತ್ತಾಗಿತ್ತು. ಕೇಳಬೇಕಾದರೆ ಅವಳ ಮೈಯ ಮಾತನ್ನು ಬಾಯಲ್ಲಿ ಆಡಬೇಕಿತ್ತು. ಅವಳು ನನಗಾಗಿ ಸುಳ್ಳು ಹೇಳಿದಳು, ನಾನು ಆ ಸುಳ್ಳನ್ನು ಏಳು ದಿನ ಪುಸ್ತಕದಲ್ಲಿ ಬರೆದುಕೊಂಡೆ.

ಈಗ ನಾಲ್ಕೂ ಮುಕ್ಕಾಲು. ಕೈ ತೊಳೆದಾಗಿದೆ. ಐದಕ್ಕೆ ಅಂಗಳದಲ್ಲಿ ಕೆಮ್ಮಿ, ಬಾಗಿಲು ದಾಟಿ ಅವಳ ಪಕ್ಕ ಕೂರುತ್ತೇನೆ. ಟಕ್ ಸದ್ದು ಕೇಳಿಸಿರಲಿಲ್ಲ, ನನಗೆ ಅಂದೇ ಗೊತ್ತಿತ್ತು ಎಂದು ಮೊದಲು ಹೇಳುತ್ತೇನೆ, ಅವಳು ಗೋಡೆಯ ಕಡೆ ನೋಡುತ್ತಿದ್ದರೂ ಸರಿ. ಸೂಜಿ ಆಮೇಲೆ.