ಮೂರನೇ ನಂಬರಿನ ಇಯರ್‌ಫೋನು

ಮನೆಯಿಂದ, ಹಿಂದಿನ ಕೋಣೆಯ ಕಿಟಕಿ ಪಕ್ಕ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಬಿ.ಪಿ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ನಿನ್ನ ತಂಗಿಯ ಮಂಡಿ ಹೇಗಿದೆ? ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು, ಈಗ ಅವಳು ಮಹಡಿ ಹತ್ತಿ ಬಟ್ಟೆ ಒಣಹಾಕಿ ಬರುತ್ತಾಳೆ ಎಂದು ಷಡ್ಡಕರು ಮೆಸೇಜ್ ಕಳಿಸಿದ್ದರು. ಬಹಳ ಸಂತೋಷವಾಯಿತು. ಆದರೆ ಮಂಡಿ ವಾಸಿಯಾದ ಮೇಲೂ ನೀನು ಅಲ್ಲೇ ಇದ್ದೀಯ ಎಂದರೆ, ನೀನು ಹೋದದ್ದು ಬರೀ ಮಂಡಿಗಾಗಿ ಅಲ್ಲ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ನನ್ನ ದಡ್ಡತನ ಬೇರೆ ಕಡೆ ಇದೆ, ಅದನ್ನು ಹೇಳಲೆಂದೇ ಕೂತಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಡುಗೆ ಮಾಡಿಕೊಳ್ಳುತ್ತೇನೆ, ಮಾಡಿದ್ದನ್ನು ನಾನೇ ತಿನ್ನುವುದರಿಂದ ದೂರು ಹೇಳುವವರು ಯಾರೂ ಇಲ್ಲ. ನಿನ್ನ ಕುಂಡದ ಗಿಡಗಳಿಗೆ ದಿನಾ ನೀರು ಹಾಕುತ್ತೇನೆ. ಒಂದು ಒಣಗಿದೆ, ಯಾವುದೆಂದು ಈಗ ಹೇಳುವುದಿಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಈ ಕಾಲದಲ್ಲಿ ಪತ್ರ ಯಾಕೆ ಎನ್ನುತ್ತೀಯ. ಕಾರಣವಿದೆ, ಬರುತ್ತದೆ, ಸ್ವಲ್ಪ ತಾಳು. ನೀನು ಹೊರಡುವ ಹಿಂದಿನ ದಿನ ನನ್ನ ಮುಂದೆ ಬಂದು ನಿಂತು, "ಗೋಡೆಗೆ ಹೇಳಿದ್ರೂ ಒಂದು ಮರುದನಿ ಬರುತ್ತೆ ಕಣ್ರೀ, ನಿಮಗೆ ಹೇಳಿದ್ರೆ ಅದೂ ಇಲ್ಲ" ಎಂದೆಯಲ್ಲ, ಅಂದು ನಾನು ಪೇಪರ್ ಮಡಿಚುತ್ತಾ ಕೂತಿದ್ದೆ. ಎರಡು ವರ್ಷದಿಂದ ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು ಎಂದೂ ನೀನು ಅಂದೆ. ಆಮೇಲೆ ನೀನು ದೊಡ್ಡ ಪೆಟ್ಟಿಗೆಯನ್ನೇ ತೆಗೆದುಕೊಂಡು ಹೋದೆ, ಚಿಕ್ಕದನ್ನಲ್ಲ. ನೀನು ಮರಳಿ ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಈ ನಾಲ್ಕು ತಿಂಗಳಲ್ಲಿ ನನಗಿದ್ದ ಭಯ ಅದೊಂದೇ.

ನನ್ನ ಕೆಲಸವನ್ನು ನೀನು "ಕಿವಿಗೆ ಸಿಕ್ಕಿಸ್ಕೊಂಡು ತೂಕಡಿಸೋ ಕೆಲಸ" ಎಂದು ಹಾಸ್ಯ ಮಾಡುತ್ತಿದ್ದೆ. ನಾನೂ ಎಂದೂ ಬಿಡಿಸಿ ಹೇಳಲಿಲ್ಲ. ದರ್ಜಿ ಅಂಗಡಿಯ ಮೇಲಿನ ಆ ಮಹಡಿಯಲ್ಲಿ ಎರಡು ಉದ್ದ ಮೇಜು, ಆರು ಕುರ್ಚಿ, ಪಶ್ಚಿಮಕ್ಕೊಂದು ಕಿಟಕಿ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ನಮ್ಮ ಮೇಜಿನ ಮೇಲಿನ ತಿರುಪು ಮೊಳೆಗಳು ಸಣ್ಣಗೆ ನಡುಗುತ್ತವೆ. ನಾವು ಮಾಡುವುದು ಅಗ್ಗದ ಇಯರ್‌ಫೋನು, ಕಾಲೇಜು ಮಕ್ಕಳು ಬಸ್ಸಿನಲ್ಲಿ ಸಿಕ್ಕಿಸಿಕೊಳ್ಳುವಂಥದ್ದು. ಒಳಗೆ ಸದ್ದು ಹುಟ್ಟಿಸುವ ಗುಂಡಿ ಎಲ್ಲ ತಯಾರಕರದ್ದೂ ಒಂದೇ, ಡಬ್ಬಿಗಟ್ಟಲೆ ಬರುತ್ತದೆ. ವ್ಯತ್ಯಾಸವೆಲ್ಲ ಅದರ ಸುತ್ತ ನಾವು ಮಾಡುವ ಉಪಚಾರದಲ್ಲಿದೆ. ಸದ್ದು ಹೊರಬರುವ ಕೊಳವೆಯ ಬಾಯಿಗೆ ಒಂದು ತೆಳು ಜಾಲರಿ ಅಂಟಿಸುತ್ತೇವೆ. ಜಾಲರಿ ದಟ್ಟವಾದರೆ ದನಿ ಕಂಬಳಿ ಹೊದ್ದು ಮಲಗುತ್ತದೆ, ತೆಳುವಾದರೆ ಕೀಚಲಾಗುತ್ತದೆ. ಹಿಂದೆ ಸಾಸಿವೆಗಿಂತ ಸಣ್ಣ ತೂತು. ಅದರ ಮೇಲೆ ಟೇಪಿನ ಚೂರು ಹಾಕಿ, ಸೂಜಿಮೊನೆಯಿಂದ ಚುಚ್ಚಿ, ತಬಲದಂಥ ದಪ್ಪ ಸದ್ದನ್ನು ಹೆಚ್ಚು ಕಡಿಮೆ ಮಾಡುತ್ತೇನೆ. ಹೀಗೆ ಹದ ಹಾಕಿ, ಬೇರೆಯವರ ಇಯರ್‌ಫೋನುಗಳ ಜೊತೆ ಹೋಲಿಸಿ, ಸರಿ ಅನಿಸಿದ ಮೇಲೆ "ಹೂಂ" ಎನ್ನುವುದು ನನ್ನ ಕೆಲಸ. ನಾನು ಹೂಂ ಎಂದರೆ ಮಾತ್ರ ಉಳಿದವರು ಅದರಂತೆ ಸಾವಿರ ಮಾಡುತ್ತಾರೆ.

ಈಗ ನಿನ್ನಿಂದ ಮುಚ್ಚಿಟ್ಟ ಸಂಗತಿ. ಹದ ನೋಡಲು ಉಳಿದವರು ಹಾಡು ಹಾಕುತ್ತಾರೆ. ನಾನು ಹಾಕುವುದು ನಿನ್ನ ದನಿ. ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ನೀನು ಅಡುಗೆಮನೆಯಿಂದ ಸಾಮಾನಿನ ಪಟ್ಟಿ ಹೇಳುತ್ತಿದ್ದೆ, ನಾನು ಬರೆಯಲು ಸೋಮಾರಿತನವಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. "ಸಕ್ಕರೆ, ಸಾಬೂನು, ಸೂಜಿ, ಸೊಳ್ಳೆ ಬತ್ತಿ, ಹೋದ್ಸಲದ ಥರ ಅರ್ಧ ಮರೆತು ಬರಬೇಡಿ." ಹಿಂದೆ ನಲ್ಲಿಯ ನೀರು, ಪಾತ್ರೆಗೆ ಚಮಚ ತಗುಲಿದ ಸದ್ದು, ಕೊನೆಗೆ ನೀನು ಹಲ್ಲುಸಂದಿಯಲ್ಲಿ ಹಾಕುವ ಆ ಸಣ್ಣ ಸಿಳ್ಳೆ. ಚಮಚ ಠಣ್ ಎನ್ನಬೇಕು, ಸಕ್ಕರೆ ಸಾಬೂನುಗಳ ಸಕಾರ ಸ್ಪಷ್ಟವಾಗಿರಬೇಕು, ಆದರೆ ಚುಚ್ಚಬಾರದು. ಅದೇ ನನ್ನ ಅಳತೆಗೋಲು. ಮಧ್ಯಾಹ್ನ ಮೂರರ ಬಿಸಿಲು ಮೇಜಿನ ಮೇಲೆ ಬಿದ್ದಿರುವಾಗ, ಎರಡೂ ಕಿವಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಮಹಡಿ, ಮೇಜು, ಹೊಲಿಗೆ ಯಂತ್ರ ಎಲ್ಲ ಕರಗಿಹೋಗುತ್ತಿದ್ದವು. ನಾನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ನೀನು ಆ ಕಡೆ ತಿರುಗಿ ನಿಂತಿರುತ್ತಿದ್ದೆ, ಸೆರಗಿನ ತುದಿ ಒದ್ದೆಯಾಗಿರುತ್ತಿತ್ತು. ನೀನು ಹೇಳಿದ್ದು ಸುಳ್ಳಲ್ಲ, ಕೆಲವೊಮ್ಮೆ ನಿಜಕ್ಕೂ ತೂಕಡಿಸಿದ್ದೇನೆ.

ಎರಡು ವರ್ಷದಿಂದ ಆ ಅಡುಗೆಮನೆ ಮಂಕಾಗತೊಡಗಿತು. ಮಾತು ಕೇಳುತ್ತದೆ, ಅಂಚು ಕೇಳುವುದಿಲ್ಲ. ಚಮಚದ ಠಣತ್ಕಾರ ಹೋಗಿ ಬರೀ ಟಕ್ ಆಯಿತು. ಜಾಲರಿ ಕಳಪೆ ಬರುತ್ತಿದೆ ಎಂದು ಯಜಮಾನರಿಗೆ ದೂರು ಹೇಳಿ ತೆಳು ಜಾಲರಿ ತರಿಸಿದೆ. ಸಾಲದೆಂದು ಇನ್ನೂ ತೆಳುವಿನದು. ಕೊನೆಗೆ ಈ ವರ್ಷದ ಹೊಸ ಮಾಲಿಗೆ ಜಾಲರಿಯನ್ನೇ ಕಿತ್ತುಹಾಕಿ "ಹೂಂ" ಎಂದೆ. ಬೆಸುಗೆಯಮ್ಮ ಗೊತ್ತಲ್ಲ, ನನ್ನ ಎದುರು ಕೂತು ತಂತಿ ಬೆಸೆಯುವಾಕೆ, ಆಕೆ ಒಂದು ನಿಮಿಷ ಕೇಳಿ ಕಿತ್ತು ಕೆಳಗಿಟ್ಟು, "ಅಣ್ಣಾ, ಕಿವಿಗೆ ಸೂಜಿ ಹಾಕ್ದಂಗಾಯ್ತು" ಎಂದಳು. ಮೂಗಿನ ತುದಿಯಲ್ಲೇ ಕೋಪ ನನಗೆ. ಇಪ್ಪತ್ತು ವರ್ಷದ ಅನುಭವ ಯಾರದು ಎಂದು ಕೇಳಿಬಿಟ್ಟೆ. ಪಾಪ, ತಲೆ ತಗ್ಗಿಸಿ ಮತ್ತೆ ತಂತಿ ಬೆಸೆಯತೊಡಗಿದಳು. ಮೂರು ವಾರದಲ್ಲಿ ಡಬ್ಬಿಗಳು ವಾಪಸ್ ಬರತೊಡಗಿದವು. ತಲೆನೋವು ಬರುತ್ತದೆ, ಬೇಗ ತೆಗೆದಿಡಬೇಕಾಗುತ್ತದೆ ಎಂದು ಎಲ್ಲರದ್ದೂ ಒಂದೇ ಮಾತು. ನಾನು ಅವರ ಫೋನುಗಳನ್ನು ಬೈದೆ, ಅವರು ಕೇಳುವ ಹಾಡುಗಳನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನಗೆ ನೆಲ ಮಾತ್ರವಲ್ಲ, ಗೋಡೆ ಚಾವಣಿಯೂ ಡೊಂಕಾಗಿ ಕಂಡವು.

ಯಜಮಾನರು ಒಳ್ಳೆಯವರು, ನನ್ನನ್ನು ಏನೂ ಅನ್ನಲಿಲ್ಲ. ಕಳೆದ ಸೋಮವಾರ ಐದು ಜೋಡಿ ಇಯರ್‌ಫೋನು ತಂದು, ಯಾವುದು ಯಾರದೆಂದು ತಿಳಿಯದಂತೆ ಎಲ್ಲಕ್ಕೂ ಕಪ್ಪು ಟೇಪು ಸುತ್ತಿ, ಒಂದರಿಂದ ಐದರವರೆಗೆ ನಂಬರು ಬರೆದರು. ಅದರಲ್ಲೊಂದು ನಮ್ಮದು. ಮಹಡಿಯವರೆಲ್ಲ ಕೇಳಬೇಕು, ಕೆಳಗಿನ ದರ್ಜಿಯನ್ನೂ ಎದುರಿನ ಬೀಗ ರಿಪೇರಿಯವರನ್ನೂ ಕರೆಯೋಣ ಎಂದರು. ಏನು ಹಾಕಿ ಕೇಳುವುದು? ನನ್ನ ಅಳತೆಗೋಲನ್ನೇ ಹಾಕಿ ಎಂದು ನಾನೇ ಜಂಬದಿಂದ ಫೋನು ಕೊಟ್ಟೆ. ಹೀಗೆ ನಿನ್ನ ಸಾಮಾನಿನ ಪಟ್ಟಿಯನ್ನು ಏಳು ಜನ ಕೇಳಿದರು, ಬೈಯಬೇಡ. ಒಂದನೆಯದು ನೀರಿನ ತೊಟ್ಟಿಯೊಳಗೆ ಕೂತಂತಿತ್ತು. ಎರಡನೆಯದರಲ್ಲಿ ನಲ್ಲಿಯ ನೀರೇ ನಿನಗಿಂತ ಮುಂದೆ ನಿಂತಿತ್ತು. ಮೂರನೆಯದನ್ನು ಸಿಕ್ಕಿಸಿದ ತಕ್ಷಣ ನನ್ನ ಎದೆ ಹಗುರವಾಯಿತು, ನೀನು ಪಕ್ಕದಲ್ಲೇ ನಿಂತು ಸಕ್ಕರೆ ಎಂದಂತಾಯಿತು. ನಾಲ್ಕು, ಐದು ಎರಡೂ ಮಂಕು. ಚೀಟಿಯಲ್ಲಿ ಮೂರನೇ ನಂಬರಿಗೆ ಮೊದಲ ಸ್ಥಾನ ಬರೆದು ಮಡಿಚಿಟ್ಟೆ. ಎಲ್ಲರ ಚೀಟಿ ಬಿಚ್ಚಿದಾಗ ಉಳಿದ ಆರು ಜನ ಮೂರನೆಯದನ್ನು ಕೊನೆಗೆ ಹಾಕಿದ್ದರು. ಟೇಪು ಬಿಚ್ಚಿದರೆ ಅದು ನಮ್ಮದೇ, ನಾನು ಹೂಂ ಎಂದಿದ್ದೇ.

ಆಗಲೂ ನಾನು ಒಪ್ಪಲಿಲ್ಲ ನೋಡು. ಇವರಿಗೆಲ್ಲ ಕೇಳಲು ಬರುವುದಿಲ್ಲ ಎಂದುಕೊಂಡೆ. ಬೆಸುಗೆಯಮ್ಮ ಮೆಲ್ಲಗೆ ಇನ್ನೊಂದು ಉಪಾಯ ಹೇಳಿದಳು. ಫೋನಿನಲ್ಲಿ ಒಂದು ಸದ್ದು ಹಾಕುವುದು, ದಪ್ಪದಿಂದ ಶುರುವಾಗಿ ಏರುತ್ತಾ ಏರುತ್ತಾ ಸಣ್ಣದಾಗುವ ಒಂದೇ ಎಳೆಯ ಸದ್ದು. ಎಲ್ಲರೂ ಕೈ ಎತ್ತಿ ಕೂರಬೇಕು, ಕೇಳಿಸುವುದು ನಿಂತಾಗ ಇಳಿಸಬೇಕು. ಶಾಲೆಯ ಮಕ್ಕಳಂತೆ ಕೈ ಎತ್ತಿ ಕೂತೆವು. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ಗಾಳಿಪಟದ ಹಾಗೆ ಏರುತ್ತಾ ಹೋಯಿತು, ನಾನೂ ಅದರ ಜೊತೆ ಹೋದೆ, ಎಂಥ ಹಿತವಾಗಿತ್ತು ಗೊತ್ತೇ? ನೋಡನೋಡುತ್ತಾ ಅದು ತೆಳುವಾಯಿತು, ಆಮೇಲೆ ಇಲ್ಲವಾಯಿತು. ಎಷ್ಟು ಬೇಗ ಮುಗಿಯಿತಲ್ಲ ಎಂದುಕೊಂಡು ಕೈ ಇಳಿಸಿ ಕಣ್ಣು ಬಿಟ್ಟೆ. ಎಲ್ಲರ ಕೈಯೂ ಇನ್ನೂ ಮೇಲೇ ಇತ್ತು. ದರ್ಜಿಯ ಕೈ, ಯಜಮಾನರ ಕೈ, ಬೆಸುಗೆಯಮ್ಮನ ಸುಟ್ಟ ಗುರುತಿನ ಕೈ. ಬಹಳ ಹೊತ್ತು ಹಾಗೇ ಇದ್ದವು. ಯಾರೂ ನನ್ನ ಕಡೆ ನೋಡಲಿಲ್ಲ, ನೋಡಬಾರದೆಂದೇ ಎಲ್ಲರೂ ಕಿಟಕಿ ನೋಡುತ್ತಿದ್ದರು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಹೊರಡುವಾಗ ಬೀಗದವರು ನನ್ನನ್ನು ನಗಿಸಲೆಂದು, "ಆಮೇಲೆ ಸೂಜಿ ತಂದ್ರೋ, ಅದನ್ನೂ ಮರೆತ್ರೋ?" ಎಂದು ಕೇಳಿದರು. ಆಮೇಲೆ, "ಕೊನೆಗೆ ಅಮ್ಮಾವ್ರು ಹಾಕೋ ಸಿಳ್ಳೆ ಚೆನ್ನಾಗಿದೆ" ಎಂದರು. ನಾನು ನಿಂತಲ್ಲೇ ನಿಂತೆ. ಆ ಸಿಳ್ಳೆ ಎರಡು ವರ್ಷದಿಂದ ರೆಕಾರ್ಡಿನಲ್ಲಿ ಇಲ್ಲ ಎಂದು ನಾನು ತಿಳಿದಿದ್ದೆ. ಹೊಸ ಫೋನಿಗೆ ಹಾಕಿಸಿಕೊಳ್ಳುವಾಗ ಕೊನೆಯ ತುಂಡು ಕತ್ತರಿಸಿಹೋಗಿದೆ ಎಂದು ಅಂಗಡಿಯವನಿಗೆ ಶಾಪ ಹಾಕಿದ್ದೆ. ಅದಿರಲಿ, ಮನೆಯಲ್ಲಿ? ಮನೆಯಲ್ಲೂ ನೀನು ಸಿಳ್ಳೆ ಹಾಕುವುದನ್ನು ಬಿಟ್ಟಿದ್ದೀಯ ಎಂದು ನಾನು ನಂಬಿದ್ದೆ. ಮನಸ್ಸಿಗೆ ಹಿತವಾಗಿದ್ದಾಗ ಮಾತ್ರ ನೀನು ಹಾಗೆ ಮಾಡುವವಳು. ಅದು ನಿಂತಿದೆ ಎಂದರೆ ಇವಳಿಗೆ ನನ್ನ ಮೇಲೆ ಬೇಸರ ಬಂದಿದೆ, ಕೆದಕಿದರೆ ಇನ್ನೂ ಹೆಚ್ಚಾದೀತು ಎಂದು ನಾನೂ ಮಾತು ಕಡಿಮೆ ಮಾಡಿದೆ. ನೀನು ಒಳಗಿನಿಂದ ಏನಾದರೂ ಕೇಳಿದರೆ ನನಗೆ ಬರೀ ಗೊಣಗು ಕೇಳಿಸುತ್ತಿತ್ತು. ಬೈಗುಳವೇ ಇರಬೇಕೆಂದು ಸುಮ್ಮನಿರುತ್ತಿದ್ದೆ. ನೀನು ಸಿಳ್ಳೆ ಹಾಕುತ್ತಲೇ ಇದ್ದೆಯೇನೇ? ನನ್ನನ್ನು ಕರೆಯುತ್ತಲೇ ಇದ್ದೆಯೇನೇ? ಊರಿನವರ ಕಿವಿಗೆಲ್ಲ ಹದ ಹಾಕುವವನು ತನ್ನ ಮನೆಯಲ್ಲಿ ಹೀಗಿದ್ದ, ದೀಪದ ಬುಡದಲ್ಲೇ ಕತ್ತಲು. ತಪ್ಪಾಯಿತು. ಗೊತ್ತಿಲ್ಲದೆ ಆದದ್ದೇ ಆದರೂ ಎರಡು ವರ್ಷ ನೀನು ಒಬ್ಬಳೇ ಮಾತಾಡುವಂತೆ ಮಾಡಿದ್ದು ನಾನೇ.

ಮರುದಿನ ಬೆಸುಗೆಯಮ್ಮನ ಕ್ಷಮೆ ಕೇಳಿ ಹೊಸ ಮಾಲಿಗೆ ಇಬ್ಬರೂ ಸೇರಿ ಹದ ಹಾಕಿದೆವು. ದಪ್ಪ ಸದ್ದಿನ ಲೆಕ್ಕ ನನ್ನದು, ಸಣ್ಣ ಸದ್ದಿನದು ಆಕೆಯದು ಎಂದು ಪಾಲು ಮಾಡಿಕೊಂಡೆವು. ಕೊಳವೆಯ ಬಾಯಿಗೆ ಮೊದಲಿನ ದಟ್ಟ ಜಾಲರಿಯನ್ನೇ ಅಂಟಿಸಿದೆವು. ಆಕೆ ಕೇಳಿ ತಲೆಯಾಡಿಸಿ, "ಈಗ ಅತ್ತಿಗೆ ಮಾತಾಡೋದು ಎಷ್ಟು ತಂಪಾಗಿದೆ" ಎಂದು ನನ್ನ ಕೈಗೆ ಕೊಟ್ಟಳು. ನಾನು ಸಿಕ್ಕಿಸಿಕೊಂಡೆ. ಸಕ್ಕರೆಯ ಅಂಚು ಹೋಗಿತ್ತು, ಸಾಬೂನು ಹೋಗಿತ್ತು, ನೀನು ಎಲ್ಲೋ ಮುಚ್ಚಿದ ಬಾಗಿಲ ಹಿಂದೆ ಮೆಲ್ಲಗೆ ಗುನುಗುತ್ತಿದ್ದೆ. ಬೇರೆಯವರಿಗೆ ನಿನ್ನ ದನಿ ಸರಿಯಾಗಿ ಕೇಳಿಸಬೇಕಾದರೆ ನನಗೆ ಹೀಗೇ ಕೇಳಿಸಬೇಕು. ಪೂರ್ತಿ ಕೇಳಿ ಮುಗಿಸಿ "ಹೂಂ" ಎಂದೆ. ಈಗ ಅದರಂತೆ ಸಾವಿರ ಮಾಡುತ್ತಿದ್ದಾರೆ.

ಪತ್ರ ಉದ್ದವಾಯಿತು, ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತು. ನಿನ್ನ ತಂಗಿಗೆ ನನ್ನ ಆಶೀರ್ವಾದ ತಿಳಿಸು, ಮಂಡಿ ಸರಿಹೋಯಿತೆಂದು ಕುಣಿಯುವುದು ಬೇಡ ಎಂದು ಹೇಳು. ಷಡ್ಡಕರಿಗೆ ನಮಸ್ಕಾರ, ನಾಲ್ಕು ತಿಂಗಳು ನಿನ್ನ ಬೈಗುಳ ಅವರ ಪಾಲಿಗೆ ಹೋದದ್ದಕ್ಕೆ ನನ್ನ ಸಹಾನುಭೂತಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರಲ್ಲಿ ಬಹಳ ಹೊತ್ತು ನಿಲ್ಲಬೇಡ.

ಇಂತಿ ನಿನ್ನ,
ನೀನು "ರೀ" ಎಂದು ಕರೆಯುವವನು

ಮರೆತೆ: ಶುಕ್ರವಾರ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಎರಡೂ ಕಿವಿಗೆ ಯಂತ್ರ ಬೇಕಂತೆ, ಈ ತಿಂಗಳ ಹದಿನೆಂಟಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ ಕೂರಿಸುತ್ತಾರೆ. ಅಲ್ಲಿ ಯಂತ್ರಕ್ಕೆ ಹದ ಹಾಕುವಾಕೆ, ಮನೆಯವರೊಬ್ಬರನ್ನು ಕರೆತನ್ನಿ, ನಿಮಗೆ ರೂಢಿಯಿರುವ ದನಿಗೇ ಹೊಂದಿಸುತ್ತೇನೆ ಎಂದಳು. ನನ್ನ ಫೋನಿನಲ್ಲೇ ಇದೆಯಮ್ಮ ಎಂದೆ. ಅದಾಗದು, ಎದುರು ಕೂತು ಮಾತಾಡಬೇಕು ಎಂದಳು. ಯಾರು ಬರುತ್ತಾರೆ ಎಂದು ಕೇಳಿದಳು. ನಿನ್ನನ್ನು ಒಂದು ಮಾತೂ ಕೇಳದೆ, ಹೆಂಡತಿ ಎಂದು ಬರೆಸಿ ಬಂದಿದ್ದೇನೆ. ಆ ದಿನ ಆಗದಿದ್ದರೆ ಹೇಳು, ದಿನ ಮುಂದಕ್ಕೆ ಹಾಕಿಸುತ್ತೇನೆ, ಬೇರೆ ದನಿ ಕರೆದೊಯ್ಯುವುದಿಲ್ಲ. ಆದರೆ ಫೋನು ಮಾತ್ರ ಮಾಡಬೇಡ. ಫೋನಿನಲ್ಲಿ ನೀನು ಬರುತ್ತೇನೆ ಎಂದರೂ ಬರುವುದಿಲ್ಲ ಎಂದರೂ ಈಗ ನನಗೆ ಒಂದೇ ಥರ ಕೇಳಿಸುತ್ತದೆ, ನಾನು ಹೂಂ ಎಂದುಬಿಡುತ್ತೇನೆ. ಬರೆದು ಕಳಿಸು.