ಸ್ಟೇಷನ್ನಿನ ಕಾವಲಿಗೆ ಅಪ್ಪ

ನವೆಂಬರ್ ೧೯೪೨

ತಮ್ಮ ಗುರುಪಾದನಿಗೆ,

ಎಲ್ಲರೂ ಕ್ಷೇಮವೆಂದು ಬರೆಯಲು ಕೈ ಏಳುತ್ತಿಲ್ಲ. ನಮ್ಮೂರ ಸ್ಟೇಷನ್ನನ್ನು ಚಳವಳಿಯವರು ಸುಡದಂತೆ ಊರವರೇ ಕಾಯಬೇಕೆಂದು ಫೌಜದಾರರು ಮನೆಗೊಬ್ಬ ಗಂಡಸನ್ನು ಕೇಳಿದರು. ನೀನು ತಲೆಮರೆಸಿಕೊಂಡಿದ್ದಿ. ಉಳಿದವನು ಅಪ್ಪ. ಕಂದೀಲು, ಖಾಲಿ ಡಬ್ಬಿ ಕೊಟ್ಟಿದ್ದಾರೆ. ಯಾರಾದರೂ ಬಂದರೆ ಡಬ್ಬಿ ಬಡಿದು ಕೂಗಬೇಕು.

ರಾತ್ರಿಯೆಲ್ಲ ಟಿಕೀಟು ಕೋಣೆಯ ಮರದ ಬಾಕಿನ ಮೇಲೆ ಕೂಡುತ್ತಾನೆ. ನೀನು ಗಾಡಿ ಹತ್ತಿ ಧಾರವಾಡದ ಸಾಲಿಗೆ ಓದಲು ಹೋಗುವಾಗ ರೊಟ್ಟಿಗಂಟು ಹಿಡಿದು ಕೂಡುತ್ತಿದ್ದನಲ್ಲ, ಅದೇ ಬಾಕು. ಆ ಗೋಡೆಯ ಕಲ್ಲು ನಮ್ಮ ಅಜ್ಜ ಹೊತ್ತದ್ದೆಂದು ಗಾಡಿಗೆ ಬಂದವರಿಗೆಲ್ಲ ಹೇಳುತ್ತಾನೆ.

ನಿಮ್ಮ ಚಳವಳಿಯವರು ಇಲ್ಲಿಗೂ ಬರುತ್ತಾರೆಂದು ಸಂತೆಯಲ್ಲಿ ಮಾತು. ಎಂಜಿನ್ನಿನ ಹೊಗೆ ಕಂಡರೂ ಸ್ಟೇಷನ್ನಿಗೇ ಬೆಂಕಿ ಬಿತ್ತೆಂದು ಅಂಗಳಕ್ಕೆ ಓಡುತ್ತೇನೆ. ನೀವು ಬರುವ ಮಾತನ್ನು ಅಪ್ಪನಿಗೂ ಹೇಳಿದೆ.

"ಮಗನ ಹೆಜ್ಜಿ ಸಪ್ಪಳ ನನಗ ಗೊತ್ತೈತಿ. ಅವ ಬಂದ್ರ ಡಬ್ಬಿ ಬಡಿಯೂದಿಲ್ಲ," ಎಂದ.

"ಹಂಗಾರ ಎದ್ದು ಮನಿಗೆ ಬಂದಬಿಡಪಾ."

"ಕಾಯಾಕ ಕುಂತಾಂವ ಎದ್ದು ಹೋಗೂದಿಲ್ಲವ್ವಾ," ಎಂದವನೇ ಕಂದೀಲಿನ ಗಾಜು ಒರೆಸತೊಡಗಿದ.

ಬರಬೇಡವೆಂದರೆ ನೀನು ಕೇಳುವವನಲ್ಲ. ಆದರೆ ಸೀಮೆಎಣ್ಣೆ ಸುರಿಯುವ ಮೊದಲು ಬಾಕಿನ ಮೇಲೆ ನೋಡು. ಕರೆದರೆ ಅವನು ಏಳುವುದಿಲ್ಲ. ಇಬ್ಬರು ಹಿಡಿದು ಹೊರಗೆ ತನ್ನಿರಿ. ಎಡ ಮೊಣಕಾಲು ಮಡಚಲು ಬರುವುದಿಲ್ಲ, ಸಾವಕಾಶ ಎತ್ತಿರಿ.

ಬಳೆಗಾರ್ತಿ ಖಾತುನಬಿಯ ಕೈಯಲ್ಲಿ ಇದನ್ನು ಕಳಿಸಿದ್ದೇನೆ. ಓದಿದೆ ಎಂದಷ್ಟಾದರೂ ಅವಳಿಗೆ ಹೇಳು.

ನಿನ್ನ ಅಕ್ಕ
ಗೌರವ್ವ