ಹಳೇ ಹೆಸರೇ ನಿಲ್ಲೋದು

ಮಾರ್ಚ್ ೯, ಶನಿವಾರ.

ಖರ್ಚಾದದ್ದು ನನ್ನ ಅರ್ಧ ಆಯಸ್ಸು, ಭೂತಗನ್ನಡಿಗೆ ಒತ್ತಿ ಒತ್ತಿ ಮಂಜಾದ ಎಡಗಣ್ಣು, ಅಂಗಡಿ ಮುಚ್ಚಿ ಕಾಡು ಸುತ್ತಿದ ಭಾನುವಾರಗಳೆಲ್ಲ. ಮುಂಗಾಲು ಕುಂಚದಂತಿರುವ ಚಿಟ್ಟೆಗಳಲ್ಲಿ ಒಣಗಿದೆಲೆ ಬಣ್ಣದ್ದೊಂದನ್ನು ಹೊಸ ಜಾತಿಯೆಂದು ಸಾಧಿಸಿ, ತೀರಿಹೋದ ಹೆಂಡತಿಯ ಹೆಸರಿಟ್ಟಿದ್ದೆ.

ಇಂದು ಮಗಳು ತನ್ನ ಸಂಶೋಧನೆಗೆಂದು ಸಾಕಿದ ಚಿಟ್ಟೆಗಳನ್ನು ತಂದಳು.

"ಅಪ್ಪಾ, ಬೈಬೇಡ. ಎಲ್ಲಾ ಒಂದೇ ತಾಯಿ ಮೊಟ್ಟೆ. ತಂಪಲ್ಲಿ ಬೆಳೆದಿದ್ದು ನಿನ್ನ ಹೊಸದು, ಸೆಕೆಯಲ್ಲಿ ಬೆಳೆದಿದ್ದು ರೆಕ್ಕೆ ಮೇಲೆ ಕಣ್ಣಿನಂಥ ಚುಕ್ಕೆ ಇರೋ ಹಳೇ ಜಾತಿ."

"ಅಂದ್ರೆ ಸ್ವೆಟರ್ ಹಾಕ್ಕೊಂಡವನನ್ನ ನಾನು ಬೇರೆ ಮನುಷ್ಯ ಅಂದ್ಬಿಟ್ಟೆ."

ಅವಳು ನಗಲಿಲ್ಲ. "ಅಮ್ಮನ ಹೆಸರು ಹೋಗುತ್ತೆ. ಯಾರಿಗೂ ಹೇಳೋದು ಬೇಡ್ವಾ?"

"ಒಂದೇ ಜಾತಿಗೆ ಎರಡು ಹೆಸರು ಬಿದ್ರೆ ಹಳೇ ಹೆಸರೇ ನಿಲ್ಲೋದು, ಪುಟ್ಟಿ. ಪತ್ರಿಕೆಗೆ ಬರೆದು ಕಳಿಸು."

ಕಾಣದ ಊರುಗಳಲ್ಲಿ ಯಾರೋ ನನ್ನವಳ ಹೆಸರು ಬರೆಯುತ್ತಾರೆ ಎಂಬುದೊಂದೇ ನನಗೆ ನಿದ್ದೆ ತರುತ್ತಿತ್ತು. ಇನ್ನು ಅದೂ ಇಲ್ಲ.

ಮಗಳಿಗೆ ಪದವಿ ಸಿಗುತ್ತದೆ. ಹಳೆಯ ಜಾತಿಗೆ ನನ್ನ ಪೆಟ್ಟಿಗೆಯ ಚಿಟ್ಟೆಗಳೆಲ್ಲ ಸಿಕ್ಕವು. ನನ್ನವಳಿಗೆ ಏನೂ ಇಲ್ಲ.